ಕಸದ ನೀತಿ ಪರಿಸರಕ್ಕೆ ಎಷ್ಟು ಲಾಭ, ಎಷ್ಟು ನಷ್ಟ? ಲೆಕ್ಕ ಹಾಕುವುದು ಹೀಗೆ

ಒಂದು ನಗರದ ಆಡಳಿತ ಕಸಕ್ಕೆ ಹೊಸ ನಿಯಮ ತರುತ್ತದೆ ಅಂದುಕೊಳ್ಳಿ. ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಬೇಕು. ಅಥವಾ ಚೀಲಕ್ಕೆ ಇಷ್ಟು ಅಂತ ಶುಲ್ಕ ಕಟ್ಟಬೇಕು. ಅಥವಾ ತೆಳು ಪ್ಲಾಸ್ಟಿಕ್ ಚೀಲ ಕೊಡುವಂತಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ವರದಿ ಬರುತ್ತದೆ: ಹೂಳುವ ಗುಂಡಿಗೆ ಹೋಗುವ ಕಸ ಇಷ್ಟು ಟನ್ ಇಳಿದಿದೆ, ಮರುಬಳಕೆ ಶೇಕಡಾ ಇಷ್ಟು ಏರಿದೆ. ಓದಿದವರಿಗೆ ಸಮಾಧಾನವಾಗುತ್ತದೆ. ಆದರೆ ಇದರಿಂದ ಗಾಳಿಗೆ, ನೀರಿಗೆ, ಮಣ್ಣಿಗೆ ಏನು ಸಿಕ್ಕಿತು ಅಂತ ಕೇಳಿದರೆ ಆ ವರದಿಯಲ್ಲಿ ಉತ್ತರ ಇರುವುದಿಲ್ಲ.

ಟನ್ ಅನ್ನುವುದು ತೂಕ. ಹಾನಿಯನ್ನು ಅದರಲ್ಲಿ ಅಳೆಯಲು ಆಗುವುದಿಲ್ಲ. ಒಂದು ಟನ್ ಒಣ ಎಲೆ, ರೆಂಬೆಗೂ ಒಂದು ಟನ್ ಅಲ್ಯೂಮಿನಿಯಂ ಡಬ್ಬಿಗೂ ಮರುಬಳಕೆಯ ಪಟ್ಟಿಯಲ್ಲಿ ಒಂದೇ ಅಂಕ. ಆದರೆ ಹಳೆ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದು ತಯಾರಿಸಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 95 ಉಳಿಯುತ್ತದೆ. ಗಾಜಿನಲ್ಲಿ ಅಷ್ಟು ಉಳಿತಾಯ ಇಲ್ಲ. ಕುಲುಮೆಗೆ ಹಾಕುವ ಮಿಶ್ರಣದಲ್ಲಿ ಹಳೆ ಗಾಜಿನ ಪಾಲನ್ನು ಶೇಕಡಾ 10 ಹೆಚ್ಚಿಸಿದರೆ ಶಕ್ತಿ ಉಳಿಯುವುದು ಶೇಕಡಾ 2.5ರಿಂದ 3ರಷ್ಟು. ಗಾಜು ಭಾರ, ಡಬ್ಬಿ ಹಗುರ. ಹಾಗಾಗಿ ತೂಕದ ಗುರಿ ಹಾಕಿಕೊಂಡ ನಗರ ಗಾಜು ಮತ್ತು ತೋಟದ ಕಸದ ಹಿಂದೆ ಬೀಳುತ್ತದೆ. ಡಬ್ಬಿಗಳು ಕೈತಪ್ಪಿ ಹೋದರೂ ವರದಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಇಡೀ ಲೆಕ್ಕಕ್ಕೆ ಬುಡ ಒಂದೇ ಪ್ರಶ್ನೆ: ಈ ನೀತಿ ಬರದೇ ಇದ್ದಿದ್ದರೆ ಆ ಕಸಕ್ಕೆ ಏನಾಗುತ್ತಿತ್ತು? ಲಾಭ ಅಂದರೆ ಈ ಎರಡು ದಾರಿಗಳ ನಡುವಿನ ವ್ಯತ್ಯಾಸ. ಹಳೆಯ ದಾರಿ ಯಾವುದು ಅಂತ ಸರಿಯಾಗಿ ಹೇಳದ ವರದಿ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಂದೇ ನಿಯಮ, ಒಂದೇ ಕಸ, ಆದರೂ ಉತ್ತರ ಹತ್ತು ಪಟ್ಟು ಬದಲಾಗಬಹುದು. ಅದನ್ನು ಕೈಯಾರೆ ಲೆಕ್ಕ ಹಾಕಿಯೇ ನೋಡೋಣ.

ಒಂದು ಟನ್ ಹಸಿ ಕಸ

ಗುಂಡಿಗೆ ಬಿದ್ದ ಹಸಿ ಕಸ ಮಣ್ಣಿನಡಿ ಗಾಳಿ ಸಿಗದೆ ಕೊಳೆಯುತ್ತದೆ. ಆಗ ಮೀಥೇನ್ ಹುಟ್ಟುತ್ತದೆ. ಎಷ್ಟು ಅಂತ ಅಂದಾಜು ಮಾಡಲು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2006ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಬಹುತೇಕ ದೇಶಗಳು ಬಳಸುತ್ತವೆ. ಅದರ ಪ್ರಕಾರ ಆಹಾರದ ಕಸದ ಹಸಿ ತೂಕದಲ್ಲಿ ಶೇಕಡಾ 15ರಷ್ಟು ಕೊಳೆಯಬಲ್ಲ ಇಂಗಾಲ. ಅಂದರೆ ಒಂದು ಟನ್ನಿನಲ್ಲಿ 150 ಕೆಜಿ. ಅದರಲ್ಲಿ ಅರ್ಧ ನಿಜವಾಗಿ ಕೊಳೆಯುತ್ತದೆ ಅಂತ ಹಿಡಿಯುತ್ತಾರೆ, 75 ಕೆಜಿ. ಹುಟ್ಟುವ ಅನಿಲದಲ್ಲಿ ಅರ್ಧ ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಹಾಗಾಗಿ 37.5 ಕೆಜಿ ಇಂಗಾಲ ಮೀಥೇನ್ ಆಗುತ್ತದೆ. ಪ್ರತಿ 12 ಕೆಜಿ ಇಂಗಾಲಕ್ಕೆ 16 ಕೆಜಿ ಮೀಥೇನ್. ಗುಣಿಸಿದರೆ ಸರಿಯಾಗಿ 50 ಕೆಜಿ.

ಈ 50 ಕೆಜಿ ಎಷ್ಟು ಕೆಟ್ಟದ್ದು? ನೂರು ವರ್ಷದ ಲೆಕ್ಕದಲ್ಲಿ ಕಸದಿಂದ ಬರುವ ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ ಅಂತ ಐಪಿಸಿಸಿಯ ಆರನೇ ವರದಿ ಹೇಳುತ್ತದೆ. ಅಲ್ಲಿಗೆ 1,350 ಕೆಜಿ. ಆದರೆ ಮೀಥೇನ್ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಅದೇ ಒಂದು ಕೆಜಿ ಸುಮಾರು 81 ಕೆಜಿಗೆ ಸಮ. ಆಗ ನಮ್ಮ ಒಂದು ಟನ್ ಕಸ 4 ಟನ್ನಿಗೂ ಸ್ವಲ್ಪ ಜಾಸ್ತಿ ಆಗುತ್ತದೆ. ಅನಿಲ ಅದೇ, ಕಸ ಅದೇ. ಬದಲಾಗಿದ್ದು ನಾವು ಎಷ್ಟು ವರ್ಷ ಮುಂದೆ ನೋಡುತ್ತೇವೆ ಅನ್ನುವುದು ಮಾತ್ರ. ಯಾವ ವರ್ಷದ ಲೆಕ್ಕ ಅಂತ ಹೇಳದೆ ಸುಮ್ನೆ ಒಂದು ಸಂಖ್ಯೆ ಕೊಟ್ಟ ವರದಿಯನ್ನು ನಂಬಬೇಡಿ.

ಈಗ ಅದೇ ಟನ್ನನ್ನು ಕಾಂಪೋಸ್ಟ್ ಮಾಡಿದರೆ? ಕಾಂಪೋಸ್ಟ್ ರಾಶಿಯೂ ಪೂರ್ತಿ ಶುದ್ಧ ಅಲ್ಲ. ಟನ್ನಿಗೆ 4 ಕೆಜಿ ಮೀಥೇನ್, ಕಾಲು ಕೆಜಿಯಷ್ಟು ನೈಟ್ರಸ್ ಆಕ್ಸೈಡ್ ಬರುತ್ತದೆ ಅಂತ ಅದೇ ಮಾರ್ಗಸೂಚಿಯ ಅಂದಾಜು. ಒಂದು ಕೆಜಿ ನೈಟ್ರಸ್ ಆಕ್ಸೈಡ್ 273 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಎರಡೂ ಸೇರಿಸಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 175 ಕೆಜಿ. ರಾಶಿಯನ್ನು ಸರಿಯಾಗಿ ತಿರುವಿ ಹಾಕದೆ ಒಳಗೆ ಗಾಳಿ ಆಡದಿದ್ದರೆ ಇದು ಇನ್ನೂ ಏರುತ್ತದೆ. ಗೊಬ್ಬರ ಹೊಲಕ್ಕೆ ಹೋಗಿ ರಾಸಾಯನಿಕ ಗೊಬ್ಬರ ಸ್ವಲ್ಪ ಉಳಿದರೆ ಒಂದಿಷ್ಟು ಇಳಿಯುತ್ತದೆ.

ಇಲ್ಲಿ ಯಾವಾಗಲೂ ಬರುವ ಒಂದು ತಕರಾರು: "ಬೇರೆ ಬೇರೆ ಕಸಕ್ಕೆ ಬೇರೆ ಬೇರೆ ಲಾರಿ ಓಡಿಸಿದರೆ ಡೀಸೆಲ್ ಹೊಗೆಯೇ ಜಾಸ್ತಿ ಆಗುವುದಿಲ್ವಾ?" ನ್ಯಾಯವಾದ ಪ್ರಶ್ನೆ, ಉತ್ತರವೂ ಸುಲಭ. ಡೆನ್ಮಾರ್ಕ್‌ನಲ್ಲಿ ಅಳೆದು ನೋಡಿದಾಗ ಒಂದು ಟನ್ ಕಸ ಮನೆ ಮನೆಯಿಂದ ಎತ್ತಲು 1.4ರಿಂದ 10 ಲೀಟರ್‌ವರೆಗೆ ಡೀಸೆಲ್ ಖರ್ಚಾಗುತ್ತಿತ್ತು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಅತಿ ಕೆಟ್ಟ ಲೆಕ್ಕ ಹಿಡಿದರೂ 27 ಕೆಜಿ. 1,350ರ ಮುಂದೆ ಇದು ಏನೂ ಅಲ್ಲ. ಲಾರಿಯ ಹೊಗೆ ಆ ಬೀದಿಯವರ ಉಸಿರಿಗೆ ತೊಂದರೆ ಹೌದು, ಗದ್ದಲ ಹೌದು, ಅಪಘಾತದ ಭಯ ಹೌದು. ಅವನ್ನು ಬೇರೆಯಾಗಿ ಲೆಕ್ಕಕ್ಕೆ ತಗೋಬೇಕು. ಆದರೆ ಹವಾಮಾನದ ಹೆಸರಲ್ಲಿ ಲಾರಿ ತೋರಿಸಿ ಹಸಿ ಕಸ ಬೇರ್ಪಡಿಸುವುದನ್ನು ನಿಲ್ಲಿಸುವುದು ಸರಿಯಲ್ಲ.

ಹಾಗಾದರೆ ಹಸಿ ಕಸ ಬೇರ್ಪಡಿಸುವ ನೀತಿಯ ಲಾಭ ಟನ್ನಿಗೆ 1,350ರಲ್ಲಿ ಕಾಂಪೋಸ್ಟಿನ 175, ಲಾರಿಯ 27 ಸೇರಿ ಸುಮಾರು 200 ಕಳೆದು 1,150 ಕೆಜಿ, ಅಷ್ಟೇ ತಾನೆ? ಹಳೆಯ ದಾರಿ ಅನಿಲ ಹಿಡಿಯುವ ವ್ಯವಸ್ಥೆ ಇಲ್ಲದ, ಆಳವಾಗಿ ಮುಚ್ಚಿದ ಗುಂಡಿ ಆಗಿದ್ದರೆ ಮಾತ್ರ. ಆ ಗುಂಡಿಯಲ್ಲಿ ಕೊಳವೆ ಹಾಕಿ 70 ಶೇಕಡಾ ಅನಿಲ ಹಿಡಿದು ಸುಡುತ್ತಿದ್ದರೆ? ಹೊರಗೆ ಹೋಗುವುದು 15 ಕೆಜಿ ಮೀಥೇನ್, ಅಂದರೆ ಸುಮಾರು 400 ಕೆಜಿ. ಲಾಭ ಬರೀ 200 ಕೆಜಿಗೆ ಇಳಿಯಿತು. ಇನ್ನು ಆ ಊರಿನಲ್ಲಿ ಮೊದಲಿನಿಂದಲೂ ಕಸ ಸುಟ್ಟು ವಿದ್ಯುತ್ ಮಾಡುತ್ತಿದ್ದರೆ, ಕಾಂಪೋಸ್ಟ್ ಮಾಡುವುದರಿಂದ ಹವಾಮಾನಕ್ಕೆ ಲಾಭ ಹೆಚ್ಚುಕಡಿಮೆ ಇಲ್ಲದೇ ಹೋಗಬಹುದು. ಆಹಾರದ ಇಂಗಾಲ ಗಿಡಗಳು ಗಾಳಿಯಿಂದ ಈಚೆಗೆ ಹೀರಿಕೊಂಡದ್ದು, ಸುಟ್ಟಾಗ ಅದೇ ವಾಪಸ್ ಹೋಗುತ್ತದೆ. ಅದನ್ನು ಹೊಸ ಹೊರೆ ಅಂತ ಹಿಡಿಯುವುದಿಲ್ಲ.

ಹೀಗೆ ಎಲ್ಲವೂ ಬಂದು ನಿಲ್ಲುವುದು ಒಂದು ಸಂಖ್ಯೆಯ ಮೇಲೆ: ಗುಂಡಿಯಲ್ಲಿ ಎಷ್ಟು ಅನಿಲ ಸಿಗುತ್ತಿದೆ? ಈ ಸಂಖ್ಯೆಯನ್ನು ಬಹಳ ಕಡೆ ಅಳೆಯುವುದಿಲ್ಲ, ಹೀಗಿರಬಹುದು ಅಂತ ಹಿಡಿದುಬಿಡುತ್ತಾರೆ. ಆಹಾರದ ಕಸದ ವಿಷಯದಲ್ಲಿ ಇದು ದೊಡ್ಡ ತಪ್ಪಿಗೆ ದಾರಿ. ಬಿಸಿಲು, ಮಳೆ ಎರಡೂ ಇರುವ ಪ್ರದೇಶದಲ್ಲಿ ಆಹಾರದ ಕಸ ಅರ್ಧ ಕೊಳೆಯಲು ಎರಡು ವರ್ಷವೂ ಬೇಡ. ಅನಿಲದ ಕೊಳವೆಗಳನ್ನು ಸಾಮಾನ್ಯವಾಗಿ ಆ ಭಾಗ ತುಂಬಿದ ಮೇಲೆ ಹಾಕುತ್ತಾರೆ. ಅಷ್ಟರಲ್ಲಿ ಮೀಥೇನ್ ಹೊರಟು ಹೋಗಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಹೇಳಿದ್ದು ಇದನ್ನೇ: ಗುಂಡಿಗೆ ಹೋದ ಆಹಾರದ ಕಸದಿಂದ ಹುಟ್ಟುವ ಮೀಥೇನ್‌ನಲ್ಲಿ ಶೇಕಡಾ 61 ಹಿಡಿಯಲು ಸಿಗುವುದೇ ಇಲ್ಲ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಿಮಾನದಿಂದ ಅಲ್ಲಿನ 200ಕ್ಕೂ ಹೆಚ್ಚು ಗುಂಡಿಗಳನ್ನು ಅಳೆದಿದ್ದರು. ಅರ್ಧಕ್ಕಿಂತ ಜಾಸ್ತಿ ಕಡೆ ದೊಡ್ಡ ಮೀಥೇನ್ ಸೋರಿಕೆ ಕಂಡಿತು. ಅಳತೆಗೆ ಸಿಕ್ಕ ಪ್ರಮಾಣ, ಆ ಗುಂಡಿಗಳು ಸರ್ಕಾರಕ್ಕೆ ವರದಿ ಮಾಡಿದ್ದಕ್ಕಿಂತ ಸರಾಸರಿ 1.4 ಪಟ್ಟು.

ಇಲ್ಲೊಂದು ಸೂಕ್ಷ್ಮ ಇದೆ. ಮುಚ್ಚದೆ, ತೆಳುವಾಗಿ ಹರಡಿ ಬಿಟ್ಟ ತೆರೆದ ಕಸದ ರಾಶಿಯಲ್ಲಿ ಗಾಳಿ ಆಡುವುದರಿಂದ ಮೀಥೇನ್ ಕಡಿಮೆ. ಐಪಿಸಿಸಿ ಲೆಕ್ಕದಲ್ಲಿ ಚೆನ್ನಾಗಿ ಮುಚ್ಚಿದ ಗುಂಡಿಯ ಶೇಕಡಾ 40ರಷ್ಟು ಮಾತ್ರ. ಹಾಗಾದರೆ ತೆರೆದ ರಾಶಿಯೇ ಒಳ್ಳೆಯದಾ? ಖಂಡಿತ ಅಲ್ಲ. ಅಲ್ಲಿಂದ ಕೊಳಕು ನೀರು ಬಾವಿಗೆ ಇಳಿಯುತ್ತದೆ, ಬೆಂಕಿ ಬೀಳುತ್ತದೆ, ನೊಣ, ಇಲಿ ಹೆಚ್ಚುತ್ತವೆ. ಹವಾಮಾನ ಒಂದನ್ನೇ ನೋಡಿದರೆ ಲೆಕ್ಕ ಎಂಥ ಕಡೆಗೆ ಎಳೆದೊಯ್ಯಬಹುದು ಅನ್ನುವುದಕ್ಕೆ ಇದು ಉದಾಹರಣೆ. ತೆರೆದ ರಾಶಿಯನ್ನು ಮುಚ್ಚಿ ಅಚ್ಚುಕಟ್ಟಾದ ಗುಂಡಿ ಮಾಡುವಾಗ ಅನಿಲ ಹಿಡಿಯುವ ವ್ಯವಸ್ಥೆಯನ್ನೂ ಜೊತೆಗೇ ಮಾಡಬೇಕು. ಇಲ್ಲದಿದ್ದರೆ ಒಂದು ತೊಂದರೆ ತಗ್ಗಿ ಇನ್ನೊಂದು ಏರುತ್ತದೆ.

ಬುಟ್ಟಿಗೆ ಬೀಳುವ ಮುಂಚಿನ ಕಥೆ

ಒಂದು ವಸ್ತುವಿನ ಹುಟ್ಟಿನಿಂದ ಕೊನೆಯವರೆಗೆ ಪರಿಸರದ ಮೇಲಾಗುವ ಪರಿಣಾಮ ಕೂಡಿಸುವ ವಿಧಾನಕ್ಕೆ ಜೀವನ ಚಕ್ರ ವಿಶ್ಲೇಷಣೆ ಅನ್ನುತ್ತಾರೆ. 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಬಾಟಲಿ, ಡಬ್ಬಿಗಳನ್ನು ಹೋಲಿಸಿ ನೋಡಲು ಮಾಡಿಸಿದ ಅಧ್ಯಯನ ಇದರ ಮೊದಲ ಹೆಜ್ಜೆಗಳಲ್ಲಿ ಒಂದು. ಈಗ ಇದಕ್ಕೆ ಐಎಸ್ಒ 14040 ಮತ್ತು 14044 ಅನ್ನುವ ಅಂತರರಾಷ್ಟ್ರೀಯ ಮಾನದಂಡಗಳಿವೆ. ಕಸದ ವಿಷಯದಲ್ಲಿ ಮಾತ್ರ ಒಂದು ಅನುಕೂಲ ಮಾಡಿಕೊಳ್ಳುತ್ತಾರೆ: ಬುಟ್ಟಿಗೆ ಬೀಳುವ ಕ್ಷಣದಿಂದ ಲೆಕ್ಕ ಶುರು, ಅದಕ್ಕೂ ಮುಂಚಿನ ಹೊರೆ ಸೊನ್ನೆ. ಸುಡುವುದೋ ಹೂಳುವುದೋ ಅಂತ ಹೋಲಿಸುವಾಗ ಇದು ಸರಿಯೇ. ಎರಡೂ ಕಡೆ ಮುಂಚಿನ ಕಥೆ ಒಂದೇ ಇರುತ್ತದಲ್ಲ.

ಆದರೆ ಕಸವೇ ಹುಟ್ಟದಂತೆ ಮಾಡುವ ನೀತಿಗಳಿಗೆ ಈ ಸೊನ್ನೆಯಿಂದ ದೊಡ್ಡ ಅನ್ಯಾಯ ಆಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಬಳಕೆದಾರರ ಮಟ್ಟಕ್ಕೆ ಬಂದ ಆಹಾರದಲ್ಲಿ ಇದು ಶೇಕಡಾ 19. ಒಂದು ಟನ್ ಆಹಾರ ಬೆಳೆದು, ಸಾಗಿಸಿ, ಅಡುಗೆಮನೆ ತಲುಪಿಸುವುದರಲ್ಲೇ ಸರಾಸರಿ 2 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಟಿರುತ್ತದೆ. ಮೇಲೆ ನಾವು ಕಷ್ಟಪಟ್ಟು ಲೆಕ್ಕ ಹಾಕಿದ 1,150 ಕೆಜಿ ಕಾಂಪೋಸ್ಟ್ ಲಾಭಕ್ಕಿಂತ ಇದು ದೊಡ್ಡದು. ಆ ಆಹಾರ ಬುಟ್ಟಿಗೇ ಬೀಳದಂತೆ ಮಾಡಿದರೆ ಎರಡೂ ಉಳಿಯುತ್ತವೆ. ಬುಟ್ಟಿಯಿಂದ ಶುರುವಾಗುವ ವರದಿಯಲ್ಲಿ ಈ ಲಾಭ ಕಾಣುವುದೇ ಇಲ್ಲ. ಹಾಗಾಗಿ ಹಣ ಕಾಂಪೋಸ್ಟ್ ಘಟಕಕ್ಕೆ ಸಿಗುತ್ತದೆ, ವ್ಯರ್ಥ ತಡೆಯುವ ಕೆಲಸಕ್ಕೆ ಸಿಗುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೇಸರ ತರುವ ಸಂಗತಿ ಇದು.

ಸುಡುವ ಘಟಕ: ಇವತ್ತಿನ ಲೆಕ್ಕ, ಮೂವತ್ತು ವರ್ಷದ ಒಲೆ

ಪ್ಲಾಸ್ಟಿಕ್ ಸುಡುವ ಲೆಕ್ಕವನ್ನೂ ಕೈಯಲ್ಲೇ ಮಾಡಬಹುದು. ಚೀಲಗಳಿಗೆ ಬಳಸುವ ಪಾಲಿಥಿನ್ ಒಂದು ಕೆಜಿ ಸುಟ್ಟರೆ 3.14 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಇದು ನೆಲದಡಿಯ ತೈಲ, ಅನಿಲದಿಂದ ಬಂದ ಇಂಗಾಲ, ಹಾಗಾಗಿ ಪೂರ್ತಿ ಹೊಸ ಹೊರೆ. ಸುಟ್ಟಾಗ ಸಿಗುವ ಶಾಖದಿಂದ, ಘಟಕದ ದಕ್ಷತೆ 25 ಶೇಕಡಾ ಅಂತ ಹಿಡಿದರೆ, ಸುಮಾರು 3 ಯೂನಿಟ್ ವಿದ್ಯುತ್ ಮಾಡಬಹುದು. ಕಲ್ಲಿದ್ದಲಿನ ವಿದ್ಯುತ್ ಯೂನಿಟ್ಟಿಗೆ ಒಂದು ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ 3 ಯೂನಿಟ್ ಕಲ್ಲಿದ್ದಲಿನ ವಿದ್ಯುತ್ತಿನ ಜಾಗ ತುಂಬಿದರೆ 3 ಕೆಜಿ ಉಳಿಯಿತು, ಲೆಕ್ಕ ಹೆಚ್ಚುಕಡಿಮೆ ಸಮ. ಅದೇ ಊರಿನ ವಿದ್ಯುತ್ ಹೆಚ್ಚಾಗಿ ಬಿಸಿಲು, ಗಾಳಿ, ನೀರಿನಿಂದ ಬರುತ್ತಿದ್ದು ಯೂನಿಟ್ಟಿಗೆ 0.2 ಕೆಜಿ ಮಾತ್ರ ಇದ್ದರೆ? ಉಳಿಯುವುದು 0.6 ಕೆಜಿ, ಗಾಳಿಗೆ ನಿವ್ವಳ ಸೇರುವುದು 2.5 ಕೆಜಿ.

ಸುಡುವ ಘಟಕ ಕಟ್ಟಿದರೆ ಅದು 25–30 ವರ್ಷ ನಡೆಯಬೇಕು, ಇಲ್ಲದಿದ್ದರೆ ಸಾಲ ತೀರುವುದಿಲ್ಲ. ಅಷ್ಟರಲ್ಲಿ ವಿದ್ಯುತ್ ಜಾಲ ಬದಲಾಗಿರುತ್ತದೆ. ಇವತ್ತಿನ ಕಲ್ಲಿದ್ದಲಿನ ಲೆಕ್ಕ ಹಿಡಿದು ಇಪ್ಪತ್ತೈದನೇ ವರ್ಷದ ಲಾಭ ತೋರಿಸುವುದು ತಪ್ಪು. ಜೊತೆಗೆ ದಿನಕ್ಕೆ ಇಷ್ಟು ಟನ್ ಕಸ ಕೊಟ್ಟೇ ಕೊಡುತ್ತೇವೆ ಅಂತ ಒಪ್ಪಂದ ಆಗಿದ್ದರೆ, ಮುಂದೆ ಕಸ ಕಡಿಮೆ ಮಾಡಲು ಆಡಳಿತಕ್ಕೇ ಮನಸ್ಸು ಬರುವುದಿಲ್ಲ. ಈ ನಷ್ಟವನ್ನು ಯಾವ ಮಾದರಿಯೂ ಸುಲಭವಾಗಿ ಹಿಡಿಯಲಾರದು. ಆದರೂ ಇದು ನಿಜವಾದ ನಷ್ಟ.

ಹಾಗಾದರೆ ಪ್ಲಾಸ್ಟಿಕ್ ಹೂತುಬಿಡುವುದೇ ವಾಸಿಯಾ? ಹವಾಮಾನ ಒಂದನ್ನೇ ಕೇಳಿದರೆ, ಹೌದು. ಗುಂಡಿಯಲ್ಲಿ ಪ್ಲಾಸ್ಟಿಕ್ ಬಹುಕಾಲ ಹಾಗೇ ಕೂತಿರುತ್ತದೆ, ಅದರ ಇಂಗಾಲ ಗಾಳಿಗೆ ಹೋಗುವುದಿಲ್ಲ. ಆದರೆ ಗುಂಡಿಗೆ ಜಾಗ ಬೇಕು, ಗಾಳಿಗೆ ಹಾರಿ ಹೊಳೆ ಸೇರದಂತೆ ನೋಡಿಕೊಳ್ಳಬೇಕು. ಹೂತ ಪ್ಲಾಸ್ಟಿಕ್ಕಿನ ಬದಲಿಗೆ ಹೊಸ ಪ್ಲಾಸ್ಟಿಕ್ ತಯಾರಾಗುತ್ತಲೇ ಇರುತ್ತದೆ.

ಮರುಬಳಕೆಯ ಲಾಭ ಹುಟ್ಟುವುದು ಎಲ್ಲಿ?

ಮರುಬಳಕೆಯ ಬುಟ್ಟಿಗೆ ಬಾಟಲಿ ಬಿದ್ದ ಕೂಡಲೇ ಪರಿಸರಕ್ಕೆ ಏನೂ ಸಿಗುವುದಿಲ್ಲ. ಲಾಭ ಹುಟ್ಟುವುದು ಬಹಳ ದೂರದಲ್ಲಿ. ಯಾವುದೋ ಕಾರ್ಖಾನೆ ಹಳೆಯ ವಸ್ತು ಸಿಕ್ಕಿತು ಅಂತ ಅಷ್ಟು ಹೊಸ ವಸ್ತು ತಯಾರಿಸುವುದನ್ನು ಬಿಟ್ಟಾಗ. ಬುಟ್ಟಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಸೋರಿಕೆ ತುಂಬ. ಕೊಳಕು ಸೇರಿದ ಕಾಗದ, ಬೇರೆ ಬೇರೆ ಬಗೆ ಬೆರೆತ ಪ್ಲಾಸ್ಟಿಕ್ ವಿಂಗಡಣೆಯಲ್ಲೇ ತಿರಸ್ಕಾರವಾಗುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಗುಣ ಕಳೆದುಕೊಂಡು ಬೆಂಚು, ಕಂಬ ಆಗುತ್ತದೆ. ಆ ಬೆಂಚು ಬರದಿದ್ದರೆ ಅಲ್ಲಿ ಮರದ ಬೆಂಚು ಇರುತ್ತಿತ್ತು. ಆಗ ಉಳಿದದ್ದು ಹೊಸ ಪ್ಲಾಸ್ಟಿಕ್ ಅಲ್ಲ, ಮರ. ಲಾಭದ ಲೆಕ್ಕವೇ ಬೇರೆಯಾಯಿತು. ಇನ್ನು ಕೆಲವು ಸಲ ಅಗ್ಗದ ಹಳೆ ವಸ್ತು ಮಾರುಕಟ್ಟೆಗೆ ಬಂದರೆ ಒಟ್ಟು ಬಳಕೆಯೇ ಏರುತ್ತದೆ, ಹೊಸದರ ಉತ್ಪಾದನೆ ಅಷ್ಟಾಗಿ ಇಳಿಯುವುದಿಲ್ಲ. ಒಂದು ಟನ್ ಮರುಬಳಕೆ ಅಂದರೆ ಒಂದು ಟನ್ ಹೊಸದು ಉಳಿಯಿತು ಅಂತ ಕಣ್ಣು ಮುಚ್ಚಿ ಹಿಡಿದರೆ ಲಾಭ ಉಬ್ಬಿಕೊಳ್ಳುತ್ತದೆ.

2018ರಲ್ಲಿ ಚೀನಾ ಹೊರದೇಶದಿಂದ ಬರುವ ಹಳೆ ಕಾಗದ, ಪ್ಲಾಸ್ಟಿಕ್ ಮೇಲೆ ಬಿಗಿ ನಿಯಮ ಹೇರಿತು. ಹಲವು ಬಗೆಯ ಕಸಕ್ಕೆ ಪೂರ್ತಿ ನಿಷೇಧ, ಉಳಿದವುಗಳಲ್ಲಿ ಬಹುಪಾಲಿಗೆ ಕಲಬೆರಕೆ ಶೇಕಡಾ 0.5 ಮೀರುವಂತಿಲ್ಲ. ಅಲ್ಲಿಯವರೆಗೆ ಶ್ರೀಮಂತ ದೇಶಗಳ ಎಷ್ಟೋ ನಗರಗಳು ಹಡಗು ಹತ್ತಿಸಿದ್ದನ್ನೆಲ್ಲ ಮರುಬಳಕೆ ಅಂತ ಬರೆದುಕೊಂಡಿದ್ದವು. ಆ ಬಾಗಿಲು ಮುಚ್ಚಿದ ಮೇಲೆ ಕೆಲವು ಕಡೆ ಅದೇ ರಾಶಿ ಗುಂಡಿಗೆ, ಒಲೆಗೆ ಹೋಯಿತು. ಎಲ್ಲಿ ನಿಂತು ತೂಗುತ್ತೇವೆ ಅನ್ನುವುದು ಅಷ್ಟು ಮುಖ್ಯ. ಬುಟ್ಟಿಯ ಹತ್ತಿರ ತೂಗಿದರೆ ಒಂದು ಉತ್ತರ, ಕಾರ್ಖಾನೆಯ ಬಾಗಿಲಲ್ಲಿ ತೂಗಿದರೆ ಇನ್ನೊಂದು.

ಜನ ಏನು ಮಾಡುತ್ತಾರೆ ಅನ್ನುವುದು

ಅಮೆರಿಕದ ವರ್ಜೀನಿಯಾ ರಾಜ್ಯದ ಷಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿ 1992ರಲ್ಲಿ ಕಸದ ಪ್ರತಿ ಚೀಲಕ್ಕೂ 80 ಸೆಂಟ್ ಶುಲ್ಕ ಹಾಕಿದರು. ಇಬ್ಬರು ಅರ್ಥಶಾಸ್ತ್ರಜ್ಞರು ನಿಯಮದ ಮುಂಚೆ ಮತ್ತು ಆಮೇಲೆ 75 ಮನೆಗಳ ಕಸವನ್ನು ತೂಗಿ ನೋಡಿದರು. ಚೀಲಗಳ ಸಂಖ್ಯೆ ಶೇಕಡಾ 37 ಇಳಿದಿತ್ತು. ದೊಡ್ಡ ಗೆಲುವು ಅಲ್ವಾ? ಆದರೆ ತೂಕ ಇಳಿದದ್ದು 14 ಶೇಕಡಾ ಮಾತ್ರ. ಜನ ಕಸವನ್ನು ಒತ್ತಿ ಒತ್ತಿ ತುಂಬುತ್ತಿದ್ದರು. ಹೇಗಿದ್ದರೂ ಲಾರಿಯೇ ಕಸವನ್ನು ಒತ್ತುತ್ತದೆ, ಹಾಗಾಗಿ ಮನೆಯವರ ಆ ಶ್ರಮದಿಂದ ಯಾರಿಗೂ ಏನೂ ಸಿಗಲಿಲ್ಲ. ಮರುಬಳಕೆಗೆ ಕೊಟ್ಟ ತೂಕ ಶೇಕಡಾ 16 ಏರಿತು, ಅದು ನಿಜವಾದ ಲಾಭ. ಆದರೆ ಇಳಿದ ಕಸದಲ್ಲಿ ಶೇಕಡಾ 28ರಷ್ಟು ಕದ್ದು ಬೇರೆ ಕಡೆ ಎಸೆದದ್ದಿರಬಹುದು ಅಂತಲೂ ಅವರು ಅಂದಾಜು ಮಾಡಿದರು. ಚೀಲ ಎಣಿಸಿ ಸುಮ್ಮನಾಗಿದ್ದರೆ ಇದರಲ್ಲಿ ಒಂದೂ ಗೊತ್ತಾಗುತ್ತಿರಲಿಲ್ಲ.

ಶುಲ್ಕ ಹಾಕಲೇಬಾರದು ಅಂತ ಇದರ ಅರ್ಥ ಅಲ್ಲ. ದಕ್ಷಿಣ ಕೊರಿಯಾ 1995ರಿಂದ ಚೀಲದ ಲೆಕ್ಕದಲ್ಲಿ ಶುಲ್ಕ ವಸೂಲಿ ಮಾಡುತ್ತಿದೆ. 2005ರಲ್ಲಿ ಆಹಾರದ ಕಸ ಗುಂಡಿಗೆ ಹಾಕುವುದನ್ನು ನಿಷೇಧಿಸಿತು, 2013ರ ಹೊತ್ತಿಗೆ ಆಹಾರದ ಕಸಕ್ಕೂ ಪ್ರಮಾಣ ನೋಡಿ ಶುಲ್ಕ ತಂದಿತು. ಒಂದರ ಹಿಂದೆ ಒಂದು, ಕಣ್ಣಿಟ್ಟು ತಂದ ನಿಯಮಗಳು. ಕದ್ದು ಎಸೆಯುವುದಕ್ಕೆ ದಂಡ, ಬೇರ್ಪಡಿಸಿದ್ದನ್ನು ಒಯ್ಯುವ ವ್ಯವಸ್ಥೆ ಎರಡೂ ಜೊತೆಗೆ ಇದ್ದರೆ ಶುಲ್ಕ ಕೆಲಸ ಮಾಡುತ್ತದೆ.

ಎಸೆಯುವುದಕ್ಕಿಂತ ಕೆಟ್ಟದ್ದು ಹಿತ್ತಲಲ್ಲಿ ಸುಡುವುದು. ಮನೆಯ ಕಸವನ್ನು ಡ್ರಮ್ಮಿನಲ್ಲಿ ಸುಟ್ಟಾಗ ಬೆಂಕಿಯ ಶಾಖ ಸಾಲದೆ, ಗಾಳಿ ಸಾಲದೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದಾಗ, ಬರೀ ಕೆಲವೇ ಮನೆಗಳು, 2ರಿಂದ 40ರವರೆಗೆ, ದಿನಾ ಹೀಗೆ ಸುಟ್ಟರೆ ಹೊರಡುವ ಡಯಾಕ್ಸಿನ್, ದಿನಕ್ಕೆ ಸುಮಾರು 200 ಟನ್ ಸುಡುವ ಸುಸಜ್ಜಿತ ಘಟಕದ್ದಕ್ಕೆ ಸಮ ಅಂತ ಕಂಡಿತು. ಒಂದು ನೀತಿ ಸಾವಿರ ಮನೆಗಳ ಕಸ ಕಡಿಮೆ ಮಾಡಿ ಹತ್ತಾರು ಮನೆಗಳನ್ನು ಹಿತ್ತಲ ಬೆಂಕಿಗೆ ತಳ್ಳಿದರೆ ಆ ಲೆಕ್ಕ ತಲೆಕೆಳಗಾಗಬಹುದು.

ಚೀಲ ನಿಷೇಧದಲ್ಲೂ ಇದೇ ಪಾಠ. ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಅಂಗಡಿಯ ತೆಳು ಚೀಲ ನಿಷೇಧವಾದ ಮೇಲೆ ಏನಾಯಿತು ಅಂತ ನೋಡಿದ ಅಧ್ಯಯನವೊಂದು 2019ರಲ್ಲಿ ಬಂತು. ಅಂಗಡಿ ಚೀಲದ ಪ್ಲಾಸ್ಟಿಕ್ 4 ಕೋಟಿ ಪೌಂಡ್ ತೂಕದಷ್ಟು ಕಡಿಮೆಯಾಗಿತ್ತು. ಆದರೆ ಕಸದ ಬುಟ್ಟಿಗೆ ಹಾಕುವ ಚೀಲಗಳ ಮಾರಾಟ ಏರಿ 1.2 ಕೋಟಿ ಪೌಂಡ್ ಪ್ಲಾಸ್ಟಿಕ್ ವಾಪಸ್ ಬಂದಿತ್ತು. ಜನ ಅಂಗಡಿ ಚೀಲವನ್ನೇ ಬುಟ್ಟಿಗೆ ಹಾಕುತ್ತಿದ್ದರು. ಅದು ನಿಂತ ಮೇಲೆ ಅದಕ್ಕಿಂತ ದಪ್ಪ ಚೀಲ ಕೊಂಡರು. ನಿಷೇಧದಿಂದ ಲಾಭ ಆಗಿದೆ, ಆದರೆ ತೋರಿಸಿದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಹತ್ತಿ ಚೀಲ 52 ಸಲವೋ, 7,100 ಸಲವೋ?

ಡೆನ್ಮಾರ್ಕ್‌ನ ಪರಿಸರ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಚೀಲಗಳ ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯಿತು. ಹತ್ತಿ ಚೀಲವನ್ನು 7,100 ಸಲ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಸಮ ಅನ್ನುವ ಸಾಲು ಎಲ್ಲ ಕಡೆ ಓಡಾಡಿತು. ಅದೇ ವರದಿಯಲ್ಲಿ ಹವಾಮಾನ ಒಂದನ್ನೇ ನೋಡಿದರೆ 52 ಸಲ ಸಾಕು ಅಂತಲೂ ಇತ್ತು. 7,100 ಎಲ್ಲಿಂದ ಬಂತು? ಹತ್ತಕ್ಕೂ ಹೆಚ್ಚು ಬಗೆಯ ಪರಿಣಾಮಗಳನ್ನು ನೋಡಿ, ಅದರಲ್ಲಿ ಅತಿ ಕೆಟ್ಟದಾಗಿ ಬಂದ ಒಂದನ್ನು ಹಿಡಿದರು. ಅದು ಓಝೋನ್ ಪದರದ ಮೇಲಿನ ಪರಿಣಾಮ. ಇನ್ನೂ ದೊಡ್ಡ ಸಂಗತಿ, ಬೀದಿಯಲ್ಲಿ, ಸಮುದ್ರದಲ್ಲಿ ಬಿದ್ದು ಹರಡುವ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಡೆನ್ಮಾರ್ಕ್‌ನಲ್ಲಿ ಅದು ತೀರಾ ಕಡಿಮೆ ಅಂತ ಹೊರಗಿಟ್ಟಿದ್ದರು. ಕಸ ಎತ್ತುವ ವ್ಯವಸ್ಥೆ ಸರಿಯಿಲ್ಲದ ದೇಶದಲ್ಲಿ ಚೀಲ ನಿಷೇಧಕ್ಕೆ ಮುಖ್ಯ ಕಾರಣವೇ ಆ ಹಾನಿ. ಹಾಗಾಗಿ ಡೆನ್ಮಾರ್ಕ್ ವರದಿ ತೋರಿಸಿ ಅಂಥ ದೇಶದ ನಿಷೇಧ ತಪ್ಪು ಅನ್ನುವಂತಿಲ್ಲ.

ಹವಾಮಾನ, ಓಝೋನ್, ನೀರು, ವಿಷ, ಜಾಗ. ಇವೆಲ್ಲ ಬೇರೆ ಬೇರೆ ಅಳತೆ. ಇವನ್ನು ಒಂದೇ ಅಂಕ ಮಾಡಬೇಕಾದರೆ ಯಾವುದಕ್ಕೆ ಎಷ್ಟು ತೂಕ ಅಂತ ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನ ವಿಜ್ಞಾನದಿಂದ ಬರುವುದಿಲ್ಲ. ಯಾವುದು ಮುಖ್ಯ ಅಂತ ಆ ಜನ ಒಪ್ಪಿಕೊಂಡಿದ್ದಾರೆ ಅನ್ನುವುದರಿಂದ ಬರುತ್ತದೆ. ಒಂದೇ ಅಂಕ ಕೊಡುವ ಬದಲು ಐದು ಸಾಲುಗಳನ್ನೂ ಬಿಡಿಬಿಡಿಯಾಗಿ ಮುಂದಿಡುವ ವರದಿಯೇ ಪ್ರಾಮಾಣಿಕ ಅಂತ ನನ್ನ ಅಭಿಪ್ರಾಯ.

ಹಣಕ್ಕೆ ತಿರುಗಿಸಿದಾಗ

ಇಷ್ಟಾದರೂ ಬಜೆಟ್ ಮಾಡುವವರು ಹಣದಲ್ಲಿ ಹೇಳಿ ಅಂತಾರೆ. ಅದಕ್ಕೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಸಮಾಜಕ್ಕೆ ಮಾಡುವ ಹಾನಿಗೆ ಬೆಲೆ ಕಟ್ಟುತ್ತಾರೆ. ಅಮೆರಿಕ ಸರ್ಕಾರ 2021ರಲ್ಲಿ ಬಳಸುತ್ತಿದ್ದದ್ದು 51 ಡಾಲರ್. 2023ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು 190 ಡಾಲರ್‌ಗೆ ಏರಿಸಿತು. ನಮ್ಮ 1,150 ಕೆಜಿಯ ಲಾಭಕ್ಕೆ ಹಾಕಿದರೆ ಒಂದರಲ್ಲಿ 59 ಡಾಲರ್, ಇನ್ನೊಂದರಲ್ಲಿ 218 ಡಾಲರ್. ಈ ಏರಿಕೆಗೆ ದೊಡ್ಡ ಕಾರಣಗಳಲ್ಲಿ ಒಂದು, ಮುಂದೆ ಆಗುವ ಹಾನಿಯನ್ನು ಇವತ್ತಿಗೆ ಎಷ್ಟು ಇಳಿಸಿ ನೋಡುತ್ತಾರೆ ಅನ್ನುವ ದರ. ಗುಂಡಿಯ ತಳ ಸೋರಿ ನೂರು ವರ್ಷದ ಮೇಲೆ ಅಂತರ್ಜಲಕ್ಕೆ 1,000 ರೂಪಾಯಿಯ ಹಾನಿ ಆಗುತ್ತದೆ ಅಂದುಕೊಳ್ಳಿ. ವರ್ಷಕ್ಕೆ 5 ಶೇಕಡಾ ಇಳಿಸಿದರೆ ಇವತ್ತಿನ ಲೆಕ್ಕದಲ್ಲಿ ಅದು 8 ರೂಪಾಯಿಯೂ ಇಲ್ಲ. 2 ಶೇಕಡಾ ಇಳಿಸಿದರೆ 138 ರೂಪಾಯಿ. ನೂರು ವರ್ಷದ ಮೇಲೆ ಆ ನೀರು ಕುಡಿಯುವವರ ಪಾಲನ್ನು ಈ ಸಣ್ಣ ದರ ತೀರ್ಮಾನಿಸುತ್ತದೆ.

ಬ್ರಿಟನ್ 1996ರಲ್ಲಿ ಗುಂಡಿಗೆ ಹಾಕುವ ಸಾಮಾನ್ಯ ಕಸದ ಮೇಲೆ ಟನ್ನಿಗೆ 7 ಪೌಂಡ್ ತೆರಿಗೆ ಹಾಕಿತು. ಗುಂಡಿಯಿಂದ ಆಗುವ ಹಾನಿಗೆ ಬೆಲೆ ಕಟ್ಟಿದ ಅಧ್ಯಯನಗಳು ಆ ಸಂಖ್ಯೆಗೆ ಆಧಾರ. 2014ರಲ್ಲಿ ಆ ತೆರಿಗೆ 80 ಪೌಂಡ್, 2025ರಲ್ಲಿ 126.15 ಪೌಂಡ್. ಹಾನಿ ಅಷ್ಟು ಪಟ್ಟು ಹೆಚ್ಚಾಯಿತಾ? ಇಲ್ಲ. ಗುಂಡಿಗೆ ಹೋಗುವ ಕಸವನ್ನು ಇಷ್ಟಕ್ಕೆ ಇಳಿಸಲೇಬೇಕು ಅಂತ ಗುರಿ ಇಟ್ಟು, ಅದು ಈಡೇರುವಷ್ಟು ತೆರಿಗೆ ಏರಿಸುತ್ತ ಹೋದರು. ಎರಡೂ ದಾರಿ ಸರಿಯೇ. ಹಾನಿಯ ಬೆಲೆ ನೋಡಿ ತೆರಿಗೆ ಹಾಕುವುದು ಒಂದು, ಮೊದಲು ಗುರಿ ಇಟ್ಟುಕೊಂಡು ತೆರಿಗೆ ಹೊಂದಿಸುವುದು ಇನ್ನೊಂದು. ಯಾವುದನ್ನು ಮಾಡುತ್ತಿದ್ದೇವೆ ಅಂತ ಜನರಿಗೆ ಗೊತ್ತಿರಬೇಕು.

ಜಪಾನಿನ ನಗರಗಳ ಅಂಕಿ ಅಂಶ ಹಿಡಿದು 2014ರಲ್ಲಿ ಬಂದ ಒಂದು ಅಧ್ಯಯನ, ಎಲ್ಲ ಖರ್ಚು ಲಾಭ ಕೂಡಿಸಿದರೆ ಮರುಬಳಕೆಯ ಪ್ರಮಾಣ 10 ಶೇಕಡಾ ಇದ್ದಾಗ ಸಮಾಜಕ್ಕೆ ಅತಿ ಕಡಿಮೆ ಹೊರೆ ಅಂದಿತು. ಇದನ್ನು ಎಲ್ಲ ಊರಿಗೂ ಎತ್ತಿಕೊಂಡು ಹೋಗುವುದು ತಪ್ಪು. ಜಪಾನಿನಲ್ಲಿ ಹೆಚ್ಚಿನ ಕಸ ಸುಡುತ್ತಾರೆ, ಅಂದರೆ ಹಳೆಯ ದಾರಿಯೇ ಬೇರೆ. ಆದರೆ ಒಂದು ಮಾತು ಒಪ್ಪಬೇಕು: ಲೋಹ, ರಟ್ಟಿನಂಥ ಮೊದಲ ಕೆಲವು ಶೇಕಡಾ ಅಗ್ಗ, ಲಾಭ ಜಾಸ್ತಿ. ಆಮೇಲಿನ ಪ್ರತಿ ಶೇಕಡಾಕ್ಕೂ ಖರ್ಚು ಏರುತ್ತದೆ, ಲಾಭ ಇಳಿಯುತ್ತದೆ. ಸರಾಸರಿ ನೋಡಿದರೆ ಇದು ಕಾಣುವುದಿಲ್ಲ. ಮುಂದಿನ ಒಂದು ಟನ್ನಿಗೆ ಏನಾಗುತ್ತದೆ ಅಂತ ಕೇಳಿದಾಗ ಮಾತ್ರ ಕಾಣುತ್ತದೆ.

ಯಾರ ಲಾಭ, ಯಾರ ನಷ್ಟ

ಒಟ್ಟು ಮೊತ್ತದಲ್ಲಿ ಲಾಭ ಇದ್ದರೂ ಅದು ಎಲ್ಲರಿಗೂ ಸಮವಾಗಿ ಹಂಚಿ ಹೋಗುವುದಿಲ್ಲ. ಹವಾಮಾನದ ಲಾಭ ಇಡೀ ಜಗತ್ತಿಗೆ, ವಾಸನೆ, ನೊಣ, ಕೊಳಕು ನೀರು ಗುಂಡಿಯ ಪಕ್ಕದವರಿಗೆ. ಅವರು ಸಾಮಾನ್ಯವಾಗಿ ಬಡವರು. ಹಾನಿಯನ್ನು ಮನೆ, ಜಮೀನಿನ ಬೆಲೆ ಎಷ್ಟು ಇಳಿಯಿತು ಅಂತ ಅಳೆದರೆ ಬಡ ಬಡಾವಣೆಯ ಹಾನಿ ಚಿಕ್ಕದಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬೆಲೆ ಮೊದಲೇ ಕಡಿಮೆ. ಹಾಗಾಗಿ ಹೊಸ ಗುಂಡಿಗೆ ಅಲ್ಲೇ ಜಾಗ ಸೂಕ್ತ ಅಂತ ಲೆಕ್ಕವೇ ಹೇಳಿಬಿಡುತ್ತದೆ. ಅದು ಲೆಕ್ಕದ ದೋಷ, ಅದನ್ನು ನೀತಿ ಮಾಡಬಾರದು.

ಕಸ ಆಯುವವರ ವಿಷಯವೂ ಇಲ್ಲೇ ಬರುತ್ತದೆ. ವಿಶ್ವ ಬ್ಯಾಂಕಿನ ಅಂದಾಜಿನಂತೆ ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಯಾವ ಗುತ್ತಿಗೆಯೂ ಇಲ್ಲದೆ ಕಸದಿಂದ ಬದುಕು ನಡೆಸುತ್ತಾರೆ. ಅವರು ಆಯ್ದು ಗುಜರಿಗೆ ಕೊಟ್ಟ ಬಾಟಲಿ, ರಟ್ಟು, ಲೋಹ ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೊಸ ನೀತಿ ಬಂದು ಒಂದು ಕಂಪನಿಗೆ ಗುತ್ತಿಗೆ ಸಿಕ್ಕಿ ಅದೇ ಬಾಟಲಿಯನ್ನು ಅದು ಎತ್ತಿಕೊಂಡರೆ, ವರದಿಯಲ್ಲಿ ಮರುಬಳಕೆ ಸೊನ್ನೆಯಿಂದ ಏರಿದಂತೆ ಕಾಣುತ್ತದೆ. ಪರಿಸರಕ್ಕೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಆಯುವವರ ಊಟ ಮಾತ್ರ ಹೋಯಿತು. ನೀತಿ ಬರದಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ: ಆ ಬಾಟಲಿ ಹೇಗಿದ್ದರೂ ಮರುಬಳಕೆ ಆಗುತ್ತಿತ್ತು.

ಇದನ್ನೆಲ್ಲ ತಿಳಿಯಲು ದೊಡ್ಡ ಕಂಪ್ಯೂಟರ್ ಮಾದರಿ ಬೇಡ. ನಿಯಮ ಜಾರಿಗೆ ಬರುವ ಮುಂಚೆ, ಬೇರೆ ಬೇರೆ ಬಡಾವಣೆಗಳಿಂದ, ಬೇಸಿಗೆ, ಮಳೆ, ಚಳಿ ಮೂರೂ ಕಾಲದಲ್ಲಿ ಚೀಲಗಳನ್ನು ತಂದು ಬಿಚ್ಚಬೇಕು. ಆಹಾರ, ಕಾಗದ, ಪ್ಲಾಸ್ಟಿಕ್, ಲೋಹ, ಬಟ್ಟೆ, ಉಳಿದದ್ದು ಅಂತ ವಿಂಗಡಿಸಿ ತೂಗಬೇಕು. ಗುಜರಿಯವರನ್ನು ಕೂರಿಸಿಕೊಂಡು ಅವರ ಕೈಗೆ ಬರುವ ಮಾಲು ಎಷ್ಟು ಅಂತ ಕೇಳಬೇಕು. ರಸ್ತೆ ಬದಿಯ ರಾಶಿಗಳನ್ನು, ಹಿತ್ತಲ ಬೆಂಕಿಯನ್ನು ಎಣಿಸಬೇಕು. ನಿಯಮ ಬಂದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಹಾಗೇ ಮಾಡಬೇಕು. ಬಹಳಷ್ಟು ವರದಿಗಳು ಈ ಕೊಳಕು ಕೆಲಸ ಬಿಟ್ಟು ಬೇರೆ ಊರಿನ ಸಂಖ್ಯೆ ತಂದು ಹಾಕಿಕೊಳ್ಳುತ್ತವೆ. ಆಮೇಲೆ ಯಾವ ಸಂಖ್ಯೆ ಬದಲಾದರೆ ತೀರ್ಮಾನವೇ ಬದಲಾಗುತ್ತದೆ ಅಂತ ನೋಡಿ, ಅದನ್ನು ಅಳೆಯಲು ಹಣ ಇಡಬೇಕು. ಹಸಿ ಕಸದ ಮಟ್ಟಿಗೆ ಅದು ಗುಂಡಿಯಲ್ಲಿ ಹಿಡಿಯುವ ಅನಿಲದ ಪ್ರಮಾಣ, ಸುಡುವ ಘಟಕದ ಮಟ್ಟಿಗೆ ಇನ್ನು ಇಪ್ಪತ್ತು ವರ್ಷದ ವಿದ್ಯುತ್ ಎಲ್ಲಿಂದ ಬರುತ್ತದೆ ಅನ್ನುವುದು, ಶುಲ್ಕದ ಮಟ್ಟಿಗೆ ಎಷ್ಟು ಕಸ ಕದ್ದು ಬೇರೆ ಕಡೆ ಹೋಗುತ್ತಿದೆ ಅನ್ನುವುದು.